ನಮ್ಮ ಕೇಟರಿಂಗ್ ವೆಬ್‌ಸೈಟ್ ಗೂಗಲ್‌ನಲ್ಲಿ ಕೆಳಗಿಳಿದದ್ದೇಕೆ?

ಪ್ರಶ್ನೆ: ಮುಂಬಯಿ ಹತ್ತಿರದ ಡೊಂಬಿವಲಿ ಪೂರ್ವದಲ್ಲಿ ನಾನೂ ನಮ್ಮ ಯಜಮಾನರೂ ಹಲವು ವರ್ಷಗಳಿಂದ ಸಸ್ಯಾಹಾರಿ ಕೇಟರಿಂಗ್ ನಡೆಸುತ್ತಿದ್ದೇವೆ. ಉಪನಯನ, ಸೀಮಂತ, ಗೃಹಪ್ರವೇಶ, ಸತ್ಯನಾರಾಯಣ ಪೂಜೆಗಳಿಗೆ ನಮ್ಮ ಊರಿನ ಕ್ರಮದಲ್ಲಿ ಬಾಳೆಎಲೆ ಊಟ ಬಡಿಸುತ್ತೇವೆ. ನಾಲ್ಕು ವರ್ಷಗಳ ಹಿಂದೆ ಪರಿಚಯದ ಹುಡುಗನೊಬ್ಬ ಚಿಕ್ಕದೊಂದು ವೆಬ್‌ಸೈಟ್ ಮಾಡಿಕೊಟ್ಟ ಮೇಲೆ ಠಾಣೆ, ಮುಲುಂಡ್, ಕಲ್ಯಾಣದ ಕಡೆಯಿಂದಲೂ ಕರೆಗಳು ಬರತೊಡಗಿದವು. ಕಳೆದ ವರ್ಷ ಏಜೆನ್ಸಿಯೊಂದು "30 ದಿನಗಳಲ್ಲಿ ಗೂಗಲ್‌ನ ಮೊದಲ ಪುಟ, ಗ್ಯಾರಂಟಿ" ಎಂದು ಹೇಳಿ ವೆಬ್‌ಸೈಟನ್ನು ಹೊಸದಾಗಿ ಕಟ್ಟಿಕೊಟ್ಟಿತು. ತಿಂಗಳಿಗೆ 12,000 ರೂಪಾಯಿ ಪಡೆದು, 500 ಬ್ಯಾಕ್‌ಲಿಂಕ್ (ಬೇರೆ ವೆಬ್‌ಸೈಟುಗಳಿಂದ ನಮ್ಮದಕ್ಕೆ ಬರುವ ಲಿಂಕ್) ಹಾಕಿರುವುದಾಗಿ ವರದಿಯನ್ನೂ ಕಳಿಸಿತು. ಆದರೆ ಅಂದಿನಿಂದ ಕರೆಗಳು ಕಡಿಮೆಯಾಗುತ್ತಲೇ ಬಂದಿವೆ. ನನ್ನ ಫೋನಿನಲ್ಲಿ ಹುಡುಕಿದರೆ ನಾವೇ ಮೇಲೆ ಬರುತ್ತೇವೆ. ಮುಲುಂಡ್‌ನಲ್ಲಿರುವ ತಂಗಿಯ ಫೋನಿನಲ್ಲಿ ಎಷ್ಟು ಕೆಳಗೆ ಹೋದರೂ ಕಾಣಿಸುವುದಿಲ್ಲ. ಆ ಲಿಂಕುಗಳಿಂದಾಗಿ ಗೂಗಲ್ ನಮಗೆ ದಂಡ ಹಾಕಿದೆಯೇ? ಜಾಹೀರಾತು ಕೊಟ್ಟರೆ ಮೇಲೆ ಬರುತ್ತೇವೆ ಎಂದು ಮಗ ಹೇಳುತ್ತಾನೆ, ನಿಜವೇ? ಕನ್ನಡ, ಮರಾಠಿ ಪುಟಗಳು ಬೇಕೇ? ಏಜೆನ್ಸಿಯನ್ನು ಮುಂದುವರಿಸಬೇಕೇ, ಬಿಡಬೇಕೇ?

ಉತ್ತರ: ಹಣ ಕೊಟ್ಟು ಮಾಡಿಸಿಕೊಂಡ ಕೆಲಸವೇ ನಿಮಗೆ ಮುಳುವಾಯಿತೇ ಎಂಬುದು ನಿಮ್ಮ ಆತಂಕ. ನೀವು ಕಳಿಸಿದ ವಿಳಾಸದಲ್ಲಿ ವೆಬ್‌ಸೈಟನ್ನು ನೋಡಿದೆ. ನಿಮ್ಮ ಅನುಮಾನ ಅರ್ಧ ಸರಿ. ಕೆಲಸ ಕೆಟ್ಟಿರುವುದು ನಿಜ, ಆದರೆ ಕೆಟ್ಟಿರುವುದು ನೀವು ಹೆದರಿಕೊಂಡಿರುವ ಜಾಗದಲ್ಲಿ ಅಲ್ಲ. ಲಿಂಕುಗಳ ವಿಷಯವನ್ನು ಸ್ವಲ್ಪ ಹೊತ್ತು ಬದಿಗಿಟ್ಟು, ವೆಬ್‌ಸೈಟನ್ನು ಹೊಸದಾಗಿ ಕಟ್ಟಿದಾಗ ಏನಾಯಿತು ಎಂಬುದನ್ನು ಮೊದಲು ನೋಡೋಣ.

ಹಳೆಯ ವೆಬ್‌ಸೈಟಿನ ಒಂದು ಪ್ರತಿ, ವೆಬ್ ಪುಟಗಳ ಹಳೆಯ ರೂಪಗಳನ್ನು ಉಳಿಸಿಡುವ ಇಂಟರ್‌ನೆಟ್ ಆರ್ಕೈವ್‌ನ ವೇಬ್ಯಾಕ್ ಮೆಷೀನ್‌ನಲ್ಲಿ ಸಿಕ್ಕಿತು. ನೋಡಲು ಅಷ್ಟೇನೂ ಚೆಂದವಿರಲಿಲ್ಲ. ಆದರೆ ಉಪನಯನದ ಊಟಕ್ಕೆ ಒಂದು ಪುಟ, ಸೀಮಂತಕ್ಕೆ ಒಂದು ಪುಟ, ಗೃಹಪ್ರವೇಶಕ್ಕೆ ಇನ್ನೊಂದು ಪುಟವಿತ್ತು. ಕೋಸಂಬರಿಯಿಂದ ಹಿಡಿದು ಹೋಳಿಗೆಯವರೆಗೆ ಎಲೆಗೆ ಬೀಳುವ ಒಂದೊಂದು ಪದಾರ್ಥದ ಹೆಸರನ್ನೂ ಅಕ್ಷರಗಳಲ್ಲಿ ಬರೆದಿದ್ದರು. ಹೊಸ ವೆಬ್‌ಸೈಟಿನಲ್ಲಿ ಇರುವುದು ಒಂದೇ ಉದ್ದನೆಯ ಪುಟ. ಮೇಲೆ ದೊಡ್ಡದೊಂದು ಬಾಳೆಎಲೆಯ ಚಿತ್ರ, ಅದರ ಕೆಳಗೆ ನಿಮ್ಮ ಮೆನು ಕಾರ್ಡನ್ನು ಸ್ಕ್ಯಾನ್ ಮಾಡಿ ಹಾಕಿದ ಇನ್ನೊಂದು ಚಿತ್ರ. ಬ್ರೌಸರಿನ ಟ್ಯಾಬಿನಲ್ಲಿ, ಅಂದರೆ ಪುಟದ ಶೀರ್ಷಿಕೆ ಕಾಣಬೇಕಾದ ಜಾಗದಲ್ಲಿ, "ಹೋಮ್" ಎಂಬ ಒಂದೇ ಪದವಿದೆ. ಹಳೆಯ ಪುಟಗಳ ವಿಳಾಸಗಳನ್ನು ಒಂದೊಂದಾಗಿ ತೆರೆದು ನೋಡಿದರೆ ಎಲ್ಲವೂ "ಪುಟ ಸಿಗಲಿಲ್ಲ" ಎಂಬ 404 ಸೂಚನೆಗೆ ಹೋಗಿ ನಿಲ್ಲುತ್ತವೆ.

ಗೂಗಲ್ ಅಂಗಡಿಯನ್ನು ಇಡಿಯಾಗಿ ನೆನಪಿಡುವುದಿಲ್ಲ, ಒಂದೊಂದು ಪುಟವನ್ನೂ ಅದರ ವಿಳಾಸದ ಮೂಲಕ ನೆನಪಿಡುತ್ತದೆ. ನಿಮ್ಮ ಉಪನಯನದ ಪುಟಕ್ಕೆ ವರ್ಷಗಳಿಂದ ಗಳಿಕೆಯಾಗಿದ್ದ ಬೆಲೆಯೆಲ್ಲ ಆ ವಿಳಾಸಕ್ಕೆ ಸೇರಿದ್ದು. ವಿಳಾಸ ಬದಲಾದಾಗ "ಇದು ಇಲ್ಲಿಂದ ಅಲ್ಲಿಗೆ ಶಾಶ್ವತವಾಗಿ ಹೋಗಿದೆ" ಎಂದು ತಿಳಿಸುವ ವ್ಯವಸ್ಥೆಯೊಂದಿದೆ. ಈ ವೃತ್ತಿಯವರು ಅದನ್ನು 301 ರೀಡೈರೆಕ್ಟ್ ಎನ್ನುತ್ತಾರೆ. ಅದನ್ನು ಕನಿಷ್ಠ ಒಂದು ವರ್ಷವಾದರೂ ಉಳಿಸಿಕೊಳ್ಳಿ ಎಂಬುದು ಗೂಗಲ್‌ನದೇ ಸಲಹೆ. ನಿಮ್ಮ ವೆಬ್‌ಸೈಟಿನಲ್ಲಿ ಅದನ್ನು ಹಾಕಿಯೇ ಇಲ್ಲ. ಹೀಗಾಗಿ ಹಳೆಯ ಪುಟಗಳು ಒಂದೊಂದಾಗಿ ಗೂಗಲ್‌ನ ಸೂಚಿಯಿಂದ ಬಿದ್ದುಹೋಗಿವೆ, ಉಳಿದದ್ದು ಓದಲು ಹೆಚ್ಚೇನೂ ಇಲ್ಲದ ಒಂದು ಪುಟ. ಮುಖ್ಯವಾದ ಬರಹವನ್ನು ಚಿತ್ರದೊಳಗೆ ಹುದುಗಿಸಬೇಡಿ ಎಂದು ಗೂಗಲ್ ಹೇಳುತ್ತಲೇ ಬಂದಿದೆ. ಗೂಗಲ್‌ನ ಮಾತು ಹಾಗಿರಲಿ, ಲೋಕಲ್ ಟ್ರೇನಿನಲ್ಲಿ ನಿಂತುಕೊಂಡು ಫೋನ್ ನೋಡುವವರು ಆ ಮೆನುವನ್ನು ಬೆರಳಿನಿಂದ ಹಿಗ್ಗಿಸಿ ಓದುವ ತಾಳ್ಮೆ ತೋರುವುದು ಕಷ್ಟ. ಕರೆಗಳು ಒಮ್ಮೆಲೇ ನಿಲ್ಲದೆ ಕ್ರಮೇಣ ಕಡಿಮೆಯಾದವು ಎಂದು ನೀವು ಬರೆದಿರುವುದೂ ಈ ಕಾರಣಕ್ಕೆ ಸರಿಯಾಗಿ ಹೊಂದುತ್ತದೆ. ನನ್ನ ಕೆಲಸದಲ್ಲಿ ಚಿಕ್ಕ ವ್ಯಾಪಾರದವರು "ಇದ್ದಕ್ಕಿದ್ದಂತೆ ಕೆಳಗೆ ಬಿದ್ದೆವು" ಎಂದು ಬಂದಾಗ ನಾನು ಮೊದಲು ಕೇಳುವುದು, ಇತ್ತೀಚೆಗೆ ವೆಬ್‌ಸೈಟ್ ಹೊಸದಾಗಿ ಮಾಡಿಸಿದಿರಾ ಎಂದೇ.

ಈಗ ದಂಡದ ಮಾತಿಗೆ ಬರೋಣ. ಕೊಂಡುಕೊಂಡ ಲಿಂಕುಗಳಿಂದ ವೆಬ್‌ಸೈಟುಗಳು ನೆಲಕಚ್ಚಿದ ಕಾಲವೊಂದಿತ್ತು. ಗೂಗಲ್ 2012ರ ಏಪ್ರಿಲ್‌ನಲ್ಲಿ ಪೆಂಗ್ವಿನ್ ಎಂಬ ಹೆಸರಿನ ಬದಲಾವಣೆ ತಂದಾಗ ಇಂಥ ಲಿಂಕುಗಳ ಮೇಲೆ ನಿಂತಿದ್ದ ಅನೇಕ ವೆಬ್‌ಸೈಟುಗಳು ಕುಸಿದವು, ಆ ಭಯ ಇಂದಿಗೂ ಬಾಯಿಂದ ಬಾಯಿಗೆ ಹರಡುತ್ತಿದೆ. 2016ರಲ್ಲಿ ಪೆಂಗ್ವಿನ್ ಗೂಗಲ್‌ನ ಮೂಲ ವ್ಯವಸ್ಥೆಯ ಭಾಗವಾಯಿತು. ಆಮೇಲೆ ಇಂಥ ಲಿಂಕುಗಳಿಗಾಗಿ ಇಡೀ ವೆಬ್‌ಸೈಟನ್ನು ಕೆಳಗೆ ತಳ್ಳುವುದಕ್ಕಿಂತ ಆ ಲಿಂಕುಗಳನ್ನೇ ಲೆಕ್ಕಕ್ಕೆ ತೆಗೆದುಕೊಳ್ಳದೆ ಬಿಡುವುದು ಅದರ ರೂಢಿ. ಹಾಗಾಗಿ ನಿಮ್ಮ 500 ಲಿಂಕುಗಳು ವಿಷವಾಗಿರುವ ಸಾಧ್ಯತೆ ಕಡಿಮೆ, ವ್ಯರ್ಥ ಖರ್ಚಾಗಿರುವ ಸಾಧ್ಯತೆ ಹೆಚ್ಚು. ಊಹೆಗೆ ಬಿಡಬೇಕಾದ ವಿಷಯವೂ ಇದಲ್ಲ. ಗೂಗಲ್‌ನ ಸಿಬ್ಬಂದಿ ಪರಿಶೀಲಿಸಿ ಕ್ರಮ ಕೈಗೊಂಡಿದ್ದರೆ ಸರ್ಚ್ ಕನ್ಸೋಲ್ ಎಂಬ ಉಚಿತ ಸೌಲಭ್ಯದಲ್ಲಿ "ಮ್ಯಾನ್ಯುಯಲ್ ಆ್ಯಕ್ಷನ್ಸ್" ಎಂಬಲ್ಲಿ ಅದು ಸ್ಪಷ್ಟವಾಗಿ ಕಾಣಿಸುತ್ತದೆ. ಅಲ್ಲಿ ಏನೂ ಇಲ್ಲದಿದ್ದರೆ ಲಿಂಕುಗಳ ಚಿಂತೆ ಬಿಡಿ. ಅವುಗಳನ್ನು ತಿರಸ್ಕರಿಸಿ ಎಂದು ಗೂಗಲ್‌ಗೆ ಪಟ್ಟಿ ಕೊಡುವ ಡಿಸ್‌ಅವೋ ಎಂಬ ಸೌಲಭ್ಯವೂ ಇದೆ. ಹೆಚ್ಚಿನ ವೆಬ್‌ಸೈಟುಗಳಿಗೆ ಅದರ ಅಗತ್ಯವಿಲ್ಲವೆಂದು ಗೂಗಲ್ ಹೇಳುತ್ತದೆ, ನನ್ನ ಅನುಭವವೂ ಅದೇ. ತಿಳಿಯದೆ ಬಳಸಿದರೆ ನಿಮಗೆ ನಿಜವಾಗಿ ನೆರವಾಗುತ್ತಿದ್ದ ನಾಲ್ಕು ಲಿಂಕುಗಳನ್ನೂ ಕಳೆದುಕೊಳ್ಳುವಿರಿ.

ನಿಮ್ಮ ಫೋನಿನಲ್ಲಿ ಮೇಲೆ, ತಂಗಿಯ ಫೋನಿನಲ್ಲಿ ಎಲ್ಲೂ ಇಲ್ಲ ಎಂಬುದು ದೋಷದ ಲಕ್ಷಣವಲ್ಲ. ಹತ್ತಿರದ ಸೇವೆಗಳಿಗಾಗಿ ಹುಡುಕುವಾಗ ಎಲ್ಲರಿಗೂ ಒಂದೇ ಪಟ್ಟಿ ಎಂಬುದೇ ಇರುವುದಿಲ್ಲ. "ಕೇಟರರ್ಸ್" ಎಂದು ಬರೆದ ಕೂಡಲೇ ಮೇಲೆ ನಕ್ಷೆಯೊಂದಿಗೆ ಬರುವ ಹೆಸರುಗಳನ್ನು ಗೂಗಲ್ ಮೂರು ಸಂಗತಿಗಳನ್ನು ನೋಡಿ ಆರಿಸುತ್ತದೆ: ಹುಡುಕಿದ್ದಕ್ಕೂ ನಿಮ್ಮ ಕೆಲಸಕ್ಕೂ ಇರುವ ಹೊಂದಿಕೆ, ಹುಡುಕುವವರಿಂದ ನಿಮಗಿರುವ ದೂರ, ನಿಮ್ಮ ವ್ಯಾಪಾರಕ್ಕಿರುವ ಹೆಸರು. ದೂರವನ್ನು ನೀವು ಬದಲಿಸಲಾರಿರಿ. ಮುಲುಂಡ್‌ನಲ್ಲಿ ಕುಳಿತವರಿಗೆ ಮುಲುಂಡ್, ಭಾಂಡುಪ್, ಠಾಣೆಯ ಕೇಟರರ್‌ಗಳು ಮೊದಲು ಬರುವುದು ಸಹಜ. ಇನ್‌ಕಾಗ್ನಿಟೊ, ಅಂದರೆ ಬ್ರೌಸರಿನ ಖಾಸಗಿ ಕಿಟಕಿ, ತೆರೆದು ನೋಡಿದರೆ ನಿಜವಾದ ಸ್ಥಾನ ತಿಳಿಯುತ್ತದೆ ಎಂದು ಹಲವರು ಹೇಳುತ್ತಾರೆ. ಅದು ನಿಮ್ಮ ಹಳೆಯ ಹುಡುಕಾಟಗಳನ್ನು ಮರೆಸಬಹುದು, ನೀವಿರುವ ಸ್ಥಳವನ್ನು ಮರೆಸುವುದಿಲ್ಲ. ಆದ್ದರಿಂದ ಫೋನಿನಲ್ಲಿ ಹುಡುಕಿ ಹುಡುಕಿ ಮನಸ್ಸು ಕೆಡಿಸಿಕೊಳ್ಳುವುದನ್ನು ನಿಲ್ಲಿಸಿ, ಸರ್ಚ್ ಕನ್ಸೋಲ್‌ನ ಪರ್ಫಾರ್ಮೆನ್ಸ್ ವರದಿ ನೋಡುವ ಅಭ್ಯಾಸ ಮಾಡಿಕೊಳ್ಳಿ. ಜನರು ಯಾವ ಪದಗಳಿಂದ ಹುಡುಕಿದಾಗ ನೀವು ಕಾಣಿಸಿಕೊಂಡಿರಿ, ಎಷ್ಟು ಮಂದಿ ಒಳಗೆ ಬಂದರು ಎಂಬ ಲೆಕ್ಕ ಅಲ್ಲಿ 16 ತಿಂಗಳವರೆಗೆ ಇರುತ್ತದೆ.

ಗ್ಯಾರಂಟಿಯ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಮೊದಲ ಸ್ಥಾನದ ಭರವಸೆಯನ್ನು ಯಾರೂ ಕೊಡಲಾರರು ಎಂದು ಗೂಗಲ್ ಬಹಿರಂಗವಾಗಿಯೇ ಬರೆದಿದೆ. ಕೆಲಸದ ಫಲ ಕಾಣಲು ಸಾಮಾನ್ಯವಾಗಿ ನಾಲ್ಕು ತಿಂಗಳಿಂದ ಒಂದು ವರ್ಷ ಬೇಕು ಎಂದೂ ಅಲ್ಲಿಯವರು ಹೇಳಿದ್ದಾರೆ. ಆದರೂ ಏಜೆನ್ಸಿಗಳು ಮಾತು ಉಳಿಸಿಕೊಂಡಂತೆ ಹೇಗೆ ತೋರಿಸುತ್ತವೆ? ನೀವು ಕಳಿಸಿದ ವರದಿಯಲ್ಲಿ "ಮೊದಲ ಸ್ಥಾನ" ಎಂದು ಹಸಿರು ಬಣ್ಣದಲ್ಲಿ ತೋರಿಸಿರುವ ಸಾಲುಗಳನ್ನು ಗಮನಿಸಿ. ಒಂದು ಸಾಲಿನಲ್ಲಿ ನಿಮ್ಮ ವ್ಯಾಪಾರದ ಹೆಸರೇ ಇದೆ. ಉಳಿದವು ಆ ಹೆಸರಿಗೆ ಡೊಂಬಿವಲಿ, ಕೇಟರಿಂಗ್, ಫೋನ್ ನಂಬರ್ ಎಂದು ಸೇರಿಸಿದವು. ನಿಮ್ಮ ಹೆಸರು ಗೊತ್ತಿದ್ದವರು ಹೇಗಿದ್ದರೂ ನಿಮ್ಮನ್ನು ಹುಡುಕಿಕೊಳ್ಳುತ್ತಾರೆ. ಅದೇ ವರದಿಯಲ್ಲಿ ಹೆಮ್ಮೆಯಿಂದ ನಮೂದಿಸಿರುವ ಮೆಟಾ ಕೀವರ್ಡ್‌ಗಳನ್ನು (ಓದುಗರಿಗೆ ಕಾಣದಂತೆ ಪುಟದ ಕೋಡಿನಲ್ಲಿ ಬರೆದಿಡುವ ಪದಗಳನ್ನು) ರ್‍ಯಾಂಕಿಂಗ್‌ಗೆ ಬಳಸುವುದಿಲ್ಲವೆಂದು ಗೂಗಲ್ 2009ರಲ್ಲಿಯೇ ತಿಳಿಸಿದೆ. ಪುಟದ ತಳದಲ್ಲಿ ತೀರ ಸಣ್ಣ ಅಕ್ಷರಗಳಲ್ಲಿ ಠಾಕುರ್ಲಿಯಿಂದ ದಾದರ್‌ವರೆಗಿನ ಊರುಗಳ ಹೆಸರನ್ನೆಲ್ಲ ತುಂಬಿದ್ದಾರಲ್ಲ, ಅದು ಗೂಗಲ್‌ನ ನಿಯಮಕ್ಕೆ ವಿರುದ್ಧ. ಅದನ್ನು ತೆಗೆಸಿ.

ಹಾಗಾದರೆ ಮಾಡಬೇಕಾದದ್ದೇನು? ಎಲ್ಲಕ್ಕಿಂತ ಮೊದಲು ಹಳೆಯ ಪುಟಗಳನ್ನು ಮರಳಿ ತರುವುದು. ಸಾಧ್ಯವಿದ್ದಲ್ಲಿ ಹಳೆಯ ವಿಳಾಸದಲ್ಲಿಯೇ ಪುಟವನ್ನು ಮತ್ತೆ ಇಡಿಸಿ, ಆಗದಿದ್ದರೆ ಹೊಸ ವಿಳಾಸಕ್ಕೆ ರೀಡೈರೆಕ್ಟ್ ಹಾಕಿಸಿ. ಉಪನಯನದ ಹಳೆಯ ಪುಟ ಉಪನಯನದ ಹೊಸ ಪುಟಕ್ಕೇ ಹೋಗಬೇಕು. ಎಲ್ಲವನ್ನೂ ಮುಖಪುಟಕ್ಕೆ ತಿರುಗಿಸಿಬಿಡುವ ಸೋಮಾರಿತನವನ್ನು ಒಪ್ಪಿಕೊಳ್ಳಬೇಡಿ, ಗೂಗಲ್ ಅದನ್ನು ಪುಟ ಇಲ್ಲದಂತೆಯೇ ಪರಿಗಣಿಸಬಹುದು. ತಿಳಿದವರಿಗೆ ಇದು ದೊಡ್ಡ ಕೆಲಸವಲ್ಲ. ವರ್ಷ ಕಳೆದಿರುವುದರಿಂದ ಹಳೆಯ ಬೆಲೆಯೆಲ್ಲ ಹಾಗೆಯೇ ಮರಳುತ್ತದೆ ಎಂದು ನಾನು ಹೇಳಲಾರೆ, ಆದರೆ ಇಷ್ಟು ಕಡಿಮೆ ಅಪಾಯದ ಕೆಲಸ ಬೇರೊಂದಿಲ್ಲ.

ಆ ಪುಟಗಳಲ್ಲಿ ಏನು ಬರೆಯಬೇಕೆಂಬುದನ್ನು ಏಜೆನ್ಸಿಗಿಂತ ನೀವು ಚೆನ್ನಾಗಿ ಬಲ್ಲಿರಿ. ಗಿರಾಕಿಗಳು ಫೋನಿನಲ್ಲಿ ಕೇಳುವ ಪ್ರಶ್ನೆಗಳನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಿ. ಕನಿಷ್ಠ ಎಷ್ಟು ಎಲೆಗೆ ಆರ್ಡರ್ ತೆಗೆದುಕೊಳ್ಳುತ್ತೀರಿ? ಈರುಳ್ಳಿ ಬೆಳ್ಳುಳ್ಳಿ ಇಲ್ಲದೆ ಮಾಡುತ್ತೀರಾ? ಮಡಿಯಲ್ಲಿ ನೈವೇದ್ಯ ಮಾಡಿಕೊಡುವವರು ಇದ್ದಾರೆಯೇ? ಬಾಳೆಎಲೆ ನೀವೇ ತರುತ್ತೀರಾ? ಹಾಲ್‌ನಲ್ಲಿ ಅಡುಗೆಮನೆ ಇಲ್ಲದಿದ್ದರೆ ಏನು ವ್ಯವಸ್ಥೆ? ಲಿಫ್ಟ್ ಇಲ್ಲದ ಕಟ್ಟಡದ ನಾಲ್ಕನೆಯ ಮಹಡಿಗೆ ಪಾತ್ರೆ ಹೊರಿಸಲು ಬೇರೆ ಹಣವೇ? ಬಡಿಸುವವರು ನಿಮ್ಮವರೇ? ಇವುಗಳಿಗೆ ನೀವು ಬಾಯಲ್ಲಿ ಕೊಡುವ ಉತ್ತರವನ್ನೇ ಬರೆದು ಆಯಾ ಪುಟದಲ್ಲಿ ಹಾಕಿ. ಒಂದು ಎಲೆಗೆ ಎಷ್ಟರಿಂದ ಎಷ್ಟರವರೆಗೆ ಆಗಬಹುದೆಂಬ ಅಂದಾಜನ್ನೂ ಕೊಡಿ. ಬೆಲೆ ಹೇಳಿದರೆ ಪಕ್ಕದವರು ಕಡಿಮೆಗೆ ಒಪ್ಪುತ್ತಾರೆಂಬ ಅಳುಕು ಈ ವೃತ್ತಿಯಲ್ಲಿ ಎಲ್ಲರಿಗೂ ಇದೆ, ಅದು ನಿಮ್ಮ ನಿರ್ಧಾರ. ಎಫ್‌ಎಸ್‌ಎಸ್‌ಎಐ ನಂಬರು, ನೀವೇ ಬಡಿಸಿದ ಊಟದ ಫೋಟೊಗಳು ಇರಲಿ; ಇಂಟರ್‌ನೆಟ್‌ನಿಂದ ಎತ್ತಿಕೊಂಡ ಎಲೆಯ ಚಿತ್ರ ಬೇಡ. ಶೀರ್ಷಿಕೆಯಲ್ಲಿ "ಹೋಮ್" ಬದಲು ಏನು ಕೆಲಸ, ಎಲ್ಲಿ ಎಂಬುದು ಸಹಜವಾಗಿ ಬರಲಿ.

ಮುಲುಂಡ್‌ಗೊಂದು, ಐರೋಲಿಗೊಂದು, ಘಾಟ್ಕೋಪರ್‌ಗೊಂದು ಎಂದು ಊರಿನ ಹೆಸರನ್ನಷ್ಟೇ ಬದಲಿಸಿ ಒಂದೇ ಬರಹದ ಹತ್ತಾರು ಪುಟಗಳನ್ನು ಮಾಡಿಕೊಡುತ್ತೇವೆಂದು ಯಾರಾದರೂ ಮುಂದೆ ಬಂದಾರು. ಗೂಗಲ್ ಅವುಗಳನ್ನು ಡೋರ್‌ವೇ ಪುಟಗಳೆಂದು ಕರೆದು ಸ್ಪ್ಯಾಮ್ ಪಟ್ಟಿಯಲ್ಲಿಟ್ಟಿದೆ. ಇಂಥ ಬರಹವನ್ನು ರಾಶಿರಾಶಿಯಾಗಿ ಉತ್ಪಾದಿಸುವುದರ ವಿರುದ್ಧ 2024ರ ಮಾರ್ಚ್‌ನಲ್ಲಿ ನಿಯಮವನ್ನು ಇನ್ನಷ್ಟು ಬಿಗಿ ಮಾಡಿದೆ. ಮುಲುಂಡ್‌ನ ಹಾಲೊಂದರಲ್ಲಿ ನಿಜವಾಗಿ ಊಟ ಬಡಿಸಿದ್ದರೆ ಆ ಹಾಲ್, ಅಲ್ಲಿನ ಅಡುಗೆಮನೆ, ಆ ದಿನದ ಮೆನು ಕುರಿತು ಬರೆಯಿರಿ. ಅದು ಬೇರೆಯ ಮಾತು.

ವೆಬ್‌ಸೈಟಿಗಿಂತಲೂ ಬೇಗ ಫಲ ಕೊಡಬಲ್ಲದ್ದು ಗೂಗಲ್‌ನ ಬಿಸಿನೆಸ್ ಪ್ರೊಫೈಲ್, ಅಂದರೆ ನಕ್ಷೆಯಲ್ಲಿ ಕಾಣುವ ನಿಮ್ಮ ಗುರುತು. ಅದನ್ನು ನೀವು ಪ್ರಸ್ತಾಪಿಸಿಯೇ ಇಲ್ಲ. ಹುಡುಕಿದಾಗ ನಿಮ್ಮ ಹೆಸರಿನಲ್ಲಿ ಒಂದು ಸಿಕ್ಕಿತು. ಅದರಲ್ಲಿರುವ ವರ್ಗ "ರೆಸ್ಟೋರೆಂಟ್". ನೀವು ಅಂಗಡಿ ಇಟ್ಟು ಊಟ ಮಾರುವವರಲ್ಲವಾದ್ದರಿಂದ ಮುಖ್ಯ ವರ್ಗವನ್ನು ಕೇಟರರ್ ಎಂದು ಬದಲಿಸಿ. ಮನೆಯಿಂದಲೇ ವ್ಯವಹಾರ ನಡೆಯುತ್ತಿದ್ದು ಗಿರಾಕಿಗಳು ಅಲ್ಲಿಗೆ ಬರುವುದಿಲ್ಲವಾದರೆ ಮನೆಯ ವಿಳಾಸವನ್ನು ಮರೆಮಾಡಿ, ನೀವು ಹೋಗಿ ಸೇವೆ ಕೊಡುವ ಪ್ರದೇಶಗಳನ್ನು ನಮೂದಿಸಬಹುದು. ಗರಿಷ್ಠ 20 ಪ್ರದೇಶಗಳಿಗೆ ಅವಕಾಶವಿದೆ. ಆದರೆ ಪ್ರದೇಶದ ಹೆಸರು ಸೇರಿಸಿದ ಮಾತ್ರಕ್ಕೆ ಅಲ್ಲಿ ಮೇಲೆ ಬರುತ್ತೀರಿ ಎಂದು ತಿಳಿಯಬೇಡಿ. ಅದು ಗಿರಾಕಿಗೆ ಕೊಡುವ ಮಾಹಿತಿ ಮಾತ್ರ.

ಇಲ್ಲಿ ಎರಡು ಆಮಿಷಗಳಿವೆ. ಹೆಸರಿನ ಜಾಗದಲ್ಲಿ "ಬೆಸ್ಟ್ ವೆಜ್ ಕೇಟರರ್ಸ್ ಇನ್ ಡೊಂಬಿವಲಿ" ಎಂದು ಬಾಲ ಸೇರಿಸುವುದು ಮೊದಲನೆಯದು. ನಿಮ್ಮ ಪ್ರತಿಸ್ಪರ್ಧಿಗಳು ಹಾಗೆ ಮಾಡಿ ಮೇಲೆ ಬಂದಿರುವುದನ್ನು ನೀವೇ ಕಾಣುವಿರಿ, ಸ್ವಲ್ಪ ಕಾಲ ಅದು ಕೆಲಸ ಮಾಡುವುದೂ ಉಂಟು. ಬೋರ್ಡಿನ ಮೇಲೆ, ಬಿಲ್ಲಿನ ಮೇಲೆ ಇರುವ ಹೆಸರಿಗಿಂತ ಹೆಚ್ಚಿನದನ್ನು ಸೇರಿಸುವುದು ನಿಯಮಕ್ಕೆ ವಿರುದ್ಧ. ಯಾರಾದರೂ ದೂರು ಕೊಟ್ಟರೆ ಪ್ರೊಫೈಲ್ ಅಮಾನತಾಗಬಹುದು. ಮದುವೆ ಮುಂಜಿಗಳ ಕಾಲದಲ್ಲಿ ಅಮಾನತಾದರೆ ಮರಳಿ ಪಡೆಯುವಷ್ಟರಲ್ಲಿ ಮುಹೂರ್ತಗಳೇ ಮುಗಿದಿರುತ್ತವೆ. ಎರಡನೆಯದು, ತಂಗಿಯ ಮನೆಯ ವಿಳಾಸ ಕೊಟ್ಟು ಮುಲುಂಡ್‌ನಲ್ಲೊಂದು ಶಾಖೆ ತೋರಿಸುವುದು. ಅಲ್ಲಿ ನಿಮ್ಮ ವ್ಯವಹಾರ ಇಲ್ಲದಿರುವಾಗ ಅದು ಸುಳ್ಳು ಪ್ರೊಫೈಲ್ ಆಗುತ್ತದೆ, ಸಿಕ್ಕಿಬಿದ್ದರೆ ಅಸಲಿಯದಕ್ಕೂ ಪೆಟ್ಟು ಬೀಳಬಹುದು.

ರಿವ್ಯೂಗಳಿಗೆ ಬೆಲೆ ಇದೆ. ಊಟ ಮುಗಿದು ಹಣ ಚುಕ್ತಾ ಮಾಡುವಾಗ ಮನೆಯವರಿಗೆ ವಾಟ್ಸ್ಆ್ಯಪ್‌ನಲ್ಲಿ ಲಿಂಕ್ ಕಳಿಸಿ, ಬರೆಯುವಂತೆ ಕೇಳಿ. ಕೇಳುವುದರಲ್ಲಿ ತಪ್ಪೇನೂ ಇಲ್ಲ. ರಿಯಾಯಿತಿ ಕೊಟ್ಟು ಬರೆಯಿಸುವುದು, ಸಂತೋಷಪಟ್ಟವರನ್ನು ಮಾತ್ರ ಆರಿಸಿ ಕೇಳುವುದು ಎರಡಕ್ಕೂ ಗೂಗಲ್‌ನ ನಿಷೇಧವಿದೆ. ಯಾರಾದರೂ "ಸಾರು ಆರಿಹೋಗಿತ್ತು" ಎಂದು ಬರೆದರೆ ಜಗಳಕ್ಕಿಳಿಯದೆ ಏನಾಯಿತೆಂದು ಎರಡು ಸಾಲಿನಲ್ಲಿ ಉತ್ತರಿಸಿ. ಮುಂದಿನ ಗಿರಾಕಿ ದೂರಿಗಿಂತ ಹೆಚ್ಚಾಗಿ ನಿಮ್ಮ ಉತ್ತರವನ್ನು ಓದುತ್ತಾನೆ.

ಲಿಂಕುಗಳು ಬೇಕೇ ಬೇಡವೇ ಎಂದರೆ, ಬೇಕು. ಆದರೆ ನಿಮ್ಮ ಪರಿಚಯವಿರುವವರಿಂದ. 1926ರ ಮೈಸೂರು ಅಸೋಸಿಯೇಷನ್‌ನಿಂದ ಹಿಡಿದು ಉಪನಗರಗಳ ಚಿಕ್ಕ ಸಂಘಗಳವರೆಗೆ ಮುಂಬಯಿಯಲ್ಲಿ ಕನ್ನಡ ಸಂಘಟನೆಗಳಿಗೆ ಬರವಿಲ್ಲ. ನೀವು ಊಟ ಬಡಿಸಿದ ಸಂಘ, ದೇವಸ್ಥಾನ ಅಥವಾ ಹಾಲ್ ತನ್ನ ವೆಬ್‌ಸೈಟಿನಲ್ಲಿ ಕೇಟರರ್‌ಗಳ ಹೆಸರು ಹಾಕುವುದಿದ್ದರೆ ನಿಮ್ಮ ಹೆಸರನ್ನೂ ಸೇರಿಸುವಂತೆ ಕೇಳಿ. ಇಂಥ ನಾಲ್ಕೈದು ಲಿಂಕುಗಳು ಆ 500ಕ್ಕಿಂತ ಮೇಲು. ಸಂಘಕ್ಕೆ ದೇಣಿಗೆ ಕೊಟ್ಟು ಲಿಂಕ್ ಪಡೆದರೆ ಅದನ್ನು ಪ್ರಾಯೋಜಿತ ಎಂದು ಗುರುತಿಸಬೇಕೆಂಬುದು ಗೂಗಲ್‌ನ ಅಪೇಕ್ಷೆ. ಸಂಘದ ಕಾರ್ಯದರ್ಶಿಗಳಿಗೆ ಇದನ್ನು ವಿವರಿಸುವ ಸಾಹಸಕ್ಕೆ ಮಾತ್ರ ನಾನು ಕೈಹಾಕಲಾರೆ.

ನಿಮ್ಮ ಮಗ ಹೇಳಿದ್ದು ಅರ್ಧ ನಿಜ. ಜಾಹೀರಾತು ಕೊಟ್ಟರೆ "ಪ್ರಾಯೋಜಿತ" ಎಂಬ ಗುರುತಿನೊಂದಿಗೆ ಮೇಲೆ ಕಾಣಿಸುವಿರಿ. ಹಣ ನಿಂತ ದಿನ ಅದೂ ನಿಲ್ಲುತ್ತದೆ. ಉಚಿತ ಫಲಿತಾಂಶಗಳಲ್ಲಿ ನಿಮ್ಮ ಸ್ಥಾನ ಅದರಿಂದ ಒಂದಿಷ್ಟೂ ಬದಲಾಗುವುದಿಲ್ಲ. ಮುಹೂರ್ತಗಳು ಹೆಚ್ಚಿರುವ ತಿಂಗಳುಗಳಲ್ಲಿ, ವೆಬ್‌ಸೈಟ್ ಚೇತರಿಸಿಕೊಳ್ಳುವವರೆಗೆ, ಮಿತಿ ಹಾಕಿಕೊಂಡು ಕೊಡುವುದು ಒಳ್ಳೆಯ ಉಪಾಯವೇ. ಆದರೆ ಕೇಟರಿಂಗ್ ಜಾಹೀರಾತಿನ ಹಣ ಸೋರುವ ಎರಡು ತೂತುಗಳನ್ನು ಮೊದಲೇ ಮುಚ್ಚಿ. ಕೇಟರಿಂಗ್ ಕೆಲಸ, ಕೇಟರಿಂಗ್ ಕೋರ್ಸ್, ಅಡುಗೆಯವರ ಸಂಬಳ ಎಂದೆಲ್ಲ ಹುಡುಕುವವರೂ ನಿಮ್ಮ ಜಾಹೀರಾತನ್ನು ಒತ್ತುತ್ತಾರೆ, ಒಂದೊಂದು ಒತ್ತಿಗೂ ನೀವು ಹಣ ಕಟ್ಟುತ್ತೀರಿ. ಇಂಥ ಪದಗಳನ್ನು ನೆಗೆಟಿವ್ ಕೀವರ್ಡ್‌ಗಳಾಗಿ, ಅಂದರೆ ಜಾಹೀರಾತು ತೋರಿಸಬಾರದ ಪದಗಳಾಗಿ, ಸೇರಿಸಿ. ಸ್ಥಳದ ಆಯ್ಕೆಯಲ್ಲಿ ಆ ಪ್ರದೇಶದಲ್ಲಿ "ಆಸಕ್ತಿ" ಇರುವವರೂ ತಾವಾಗಿ ಸೇರಿಕೊಂಡಿರುತ್ತಾರೆ. ಅಲ್ಲಿ "ಇರುವವರು" ಮಾತ್ರ ಎಂದು ಬದಲಿಸಿ.

ಭಾಷೆಯ ವಿಷಯದಲ್ಲಿ, ಡೊಂಬಿವಲಿಯ ವ್ಯಾಪಾರಕ್ಕೆ ಮರಾಠಿ ಪುಟ ಮೊದಲು ಬೇಕು ಎಂಬುದು ನನ್ನ ಅಭಿಪ್ರಾಯ. ಮುಂಜಿಯ ಊಟಕ್ಕೆ ನಿಮ್ಮನ್ನು ಕರೆಯಬಹುದಾದ ಮರಾಠಿ ಮನೆಗಳು ನಿಮ್ಮ ಸುತ್ತ ಎಷ್ಟಿವೆ ಎಂಬುದು ನಿಮಗೇ ಗೊತ್ತು. ಇಲ್ಲಿನ ಕನ್ನಡಿಗರಲ್ಲಿ ಹೆಚ್ಚಿನವರು ಇಂಗ್ಲಿಷಿನಲ್ಲಿಯೇ ಟೈಪ್ ಮಾಡಿ ಹುಡುಕುವುದರಿಂದ ಕನ್ನಡ ಪುಟದಿಂದ ದೊಡ್ಡ ಸಂಖ್ಯೆಯನ್ನು ನಿರೀಕ್ಷಿಸಬೇಡಿ. ಆದರೂ ಹುಗ್ಗಿ, ಹೋಳಿಗೆ, ಹಯಗ್ರೀವಗಳ ಹೆಸರನ್ನು ಕನ್ನಡದಲ್ಲಿ ಓದಿದ ಹಿರಿಯರು ಫೋನ್ ಎತ್ತಿಕೊಳ್ಳುತ್ತಾರೆ. ಆ ಲೆಕ್ಕದಲ್ಲಿ ಒಂದು ಪುಟ ಇರಲಿ. ಪ್ರತಿ ಭಾಷೆಗೂ ಪ್ರತ್ಯೇಕ ವಿಳಾಸವಿರಬೇಕು. ಯಂತ್ರ ಅನುವಾದ ಮಾಡಿದ್ದನ್ನು ಯಾರೂ ಓದಿ ತಿದ್ದದೆ ಹಾಗೆಯೇ ಹಾಕಬಾರದು.

ಏಜೆನ್ಸಿಯ ಬಗ್ಗೆ ನನ್ನ ಸಲಹೆ, ಬಿಡಿ. ರೀಡೈರೆಕ್ಟ್ ಮರೆಯುವುದು ಸಣ್ಣ ಲೋಪವಲ್ಲ. ವರದಿಯಲ್ಲಿ ನಿಮ್ಮ ಹೆಸರನ್ನೇ ಸಾಧನೆಯೆಂದು ತೋರಿಸಿರುವುದು ಇನ್ನೂ ದೊಡ್ಡದು. ಬೇರೆಯವರನ್ನು ಗೊತ್ತುಮಾಡುವುದಾದರೆ ತಿಂಗಳ ಸಂಬಳಕ್ಕಿಂತ, ಈ ರಿಪೇರಿ ಇಷ್ಟಕ್ಕೆ ಎಂದು ಗೊತ್ತುಪಡಿಸಿ, ಯಾವ ಪುಟದಲ್ಲಿ ಏನು ಬದಲಿಸಿದರು ಎಂಬುದನ್ನು ಬರೆದು ಕೊಡುವಂತೆ ಕೇಳಿ.

ಆದರೆ ಬಿಡುತ್ತೇವೆಂದು ಅವರಿಗೆ ತಿಳಿಸುವ ಮೊದಲು ನಿಮ್ಮ ಡೊಮೈನ್, ಅಂದರೆ ವೆಬ್‌ಸೈಟಿನ ವಿಳಾಸದ ಹೆಸರು, ಯಾರ ಹೆಸರಿನಲ್ಲಿ, ಯಾರ ಇಮೇಲ್‌ನಲ್ಲಿ ನೋಂದಣಿಯಾಗಿದೆ, ಅದರ ನವೀಕರಣ ಯಾವಾಗ ಎಂಬುದನ್ನು ಖಚಿತಪಡಿಸಿಕೊಳ್ಳಿ. ವೆಬ್‌ಸೈಟ್ ಹೊಸದು ಮಾಡುವಾಗ ಡೊಮೈನನ್ನು ತಮ್ಮ ಖಾತೆಗೆ ಎಳೆದುಕೊಳ್ಳುವ ಏಜೆನ್ಸಿಗಳಿವೆ, ಬಿರುಕು ಬಿಟ್ಟ ಮೇಲೆ ಅದನ್ನು ಬಿಡಿಸಿಕೊಳ್ಳುವುದು ಕಷ್ಟ. ಡೊಮೈನ್ ನಿಮ್ಮ ಖಾತೆಗೆ ಬಂದ ಮೇಲೆ ಹೋಸ್ಟಿಂಗ್‌ನ (ವೆಬ್‌ಸೈಟನ್ನು ಇಟ್ಟಿರುವ ಸರ್ವರ್ ಸೇವೆಯ) ಪಾಸ್‌ವರ್ಡ್, ವೆಬ್‌ಸೈಟಿನ ಪೂರ್ತಿ ಬ್ಯಾಕಪ್, ಬಿಸಿನೆಸ್ ಪ್ರೊಫೈಲ್ ಮತ್ತು ಸರ್ಚ್ ಕನ್ಸೋಲ್‌ನ ಮಾಲೀಕತ್ವವನ್ನು ನಿಮ್ಮ ಸ್ವಂತ ಇಮೇಲ್‌ಗೆ ಪಡೆಯಿರಿ. ಇವೆಲ್ಲ ಕೈಗೆ ಬರುವವರೆಗೆ ಕೊನೆಯ ತಿಂಗಳ ಹಣವನ್ನು ತಡೆಹಿಡಿಯುವುದಾದರೆ ಅದನ್ನು ಇಮೇಲ್‌ನಲ್ಲಿ ಬರೆದೇ ತಿಳಿಸಿ, ಫೋನಿನಲ್ಲಿ ಬೇಡ.